ಜೋ ಥಾಮಸ್: 10,363 ಸಲ ಅಡ್ಡ ನಿಂತವನು

ಎಲ್ಲರಿಗೂ ನಮಸ್ಕಾರ. ಇವತ್ತು ಹೇಳಲು ಹೊರಟಿರುವ ಮನುಷ್ಯ, ಜೋ ಥಾಮಸ್, ಅಮೆರಿಕನ್ ಫುಟ್ಬಾಲ್‌ನಲ್ಲಿ ಹನ್ನೊಂದು ಸೀಸನ್ ಆಡಿದ, ಆದರೆ ಒಂದೇ ಒಂದು ಪ್ಲೇಆಫ್ ಪಂದ್ಯದ ಮುಖ ನೋಡಲಿಲ್ಲ. ಆದರೂ 2023ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಆ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವನನ್ನು ಒಳಗೆ ಕರೆಯಿತು.

2007ರ ಏಪ್ರಿಲ್. ಕಾಲೇಜಿನಲ್ಲಿ ಆಡಿದ ಹುಡುಗರನ್ನು ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್) ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ದಿನ. ದೊಡ್ಡ ಹೆಸರಿನ ಹುಡುಗರೆಲ್ಲ ಆಗ ಸೂಟು ಹಾಕಿಕೊಂಡು ನ್ಯೂಯಾರ್ಕ್‌ಗೆ ಹೋಗುತ್ತಿದ್ದರು. ವಿಸ್ಕಾನ್ಸಿನ್‌ನ ಜೋ ಮಾತ್ರ ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ಮೂರನೇ ಹೆಸರೇ ಇವನದು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತೆಗೆದುಕೊಂಡಿತು.

ಅವನ ಜಾಗ ಲೆಫ್ಟ್ ಟ್ಯಾಕಲ್. ಬಲಗೈಯಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ತನ್ನ ಎಡಗಡೆ ಬೆನ್ನಿನ ಹಿಂದೆ ಯಾರು ಬರುತ್ತಿದ್ದಾರೆ ಅಂತ ಕಾಣುವುದಿಲ್ಲ, ಅಲ್ವಾ? ಆ ಕಡೆಯಿಂದ ನುಗ್ಗುವವರನ್ನು ತಡೆಯುವುದೇ ಇವನ ಕೆಲಸ. ಎದುರಾಳಿ ಮುಂದಕ್ಕೆ ಓಡಿ ಬರುತ್ತಾನೆ, ಇವನು ಹಿಂದಕ್ಕೆ ಜಾರುತ್ತಲೇ ಅಡ್ಡ ನಿಲ್ಲಬೇಕು: ಮಂಡಿ ಬಗ್ಗಿಸಿ, ಎಡಗಾಲು ಹಿಂದೆ ಇಟ್ಟು, ಬಲಗಾಲು ಎಳೆದುಕೊಂಡು, ಎರಡೂ ಕೈ ಅವನ ಎದೆಗೆ. ತಪ್ಪಿ ಅಂಗಿ ಹಿಡಿದೆಳೆದರೆ ರೆಫರಿಯ ಹಳದಿ ಬಟ್ಟೆ ಬೀಳುತ್ತದೆ, ಅಂದರೆ ಫೌಲ್, ತಂಡ 10 ಗಜ ಹಿಂದಕ್ಕೆ. ಮನೆಗೆ ಹೋಗಿ ಸುಮ್ನೆ ಒಂದ್ಸಲ ಹೀಗೆ ಹಿಂದಕ್ಕೆ ಜಾರಿ ನೋಡಿ. ಜೋ ತೂಕ ಸುಮಾರು 140 ಕೆಜಿ ಇತ್ತು.

ಸರಿಯಾಗಿ ಮಾಡಿದರೆ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ತಪ್ಪಿದರೆ ಮಾತ್ರ ರೀಪ್ಲೇಯಲ್ಲಿ ಇವನು! ಇವನ ಹೆಸರಿಗೆ ಚೆಂಡು ಹಿಡಿದು ಓಡಿದ ಗಜಗಳ ಲೆಕ್ಕ ಇಲ್ಲ, ಅಂಕ ತರುವ ಟಚ್‌ಡೌನ್ ಇಲ್ಲ. ಹೀಗಾಗಿ ಜೋ ಹೆಸರಿನ ಜೊತೆ ಉಳಿದ ಲೆಕ್ಕ ಸ್ನ್ಯಾಪ್‌ಗಳದ್ದು. ಸಾಲಿನ ನಡುವೆ ನಿಲ್ಲುವ ಸೆಂಟರ್ ಎಂಬ ಆಟಗಾರ ತನ್ನ ಕಾಲಸಂದಿಯಿಂದ ಚೆಂಡು ಹಿಂದಕ್ಕೆ ಕೊಟ್ಟ ಪ್ರತಿ ಸಲಕ್ಕೂ ಒಂದು ಸ್ನ್ಯಾಪ್. ಮೊದಲ ಪಂದ್ಯದಿಂದ ಒಂದನ್ನೂ ಬಿಡದೆ 10,363. ಅಷ್ಟರಲ್ಲಿ ಆರು ಹೆಡ್ ಕೋಚ್‌ಗಳು ಬಂದರು. ಇವನ ಬೆನ್ನ ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗಳಂತೂ ಇಪ್ಪತ್ತರ ಹತ್ತಿರ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಪಂದ್ಯ ಕೈಬಿಟ್ಟು ಹೋದ ಮೇಲೆ ಕೊನೆಯ ಹತ್ತು ನಿಮಿಷ ಬೆಂಚಿನಲ್ಲಿ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ, ಒಮ್ಮೆಯೂ ಕೂರಲಿಲ್ಲ. ವರ್ಷದ ಶ್ರೇಷ್ಠ ಆಟಗಾರರಿಗೆ ಸಿಗುವ ಪ್ರೊ ಬೌಲ್ ಗೌರವ ಅವನಿಗೆ ಹತ್ತು ಸಲ ಸಿಕ್ಕಿತು, ನನಗೆ ಅದಕ್ಕಿಂತ ಇದೇ ದೊಡ್ಡದು.

2017ರ ಅಕ್ಟೋಬರ್ 22, ಟೆನೆಸ್ಸಿ ಟೈಟನ್ಸ್ ವಿರುದ್ಧ ಎಡಗೈ ಟ್ರೈಸೆಪ್ಸ್ ಸ್ನಾಯು ಹರಿಯಿತು. ಅಲ್ಲಿಗೆ ಎಣಿಕೆ ನಿಂತಿತು. ಅದು ಅವನ 167ನೇ ಪಂದ್ಯ. ಅದನ್ನೂ ಬ್ರೌನ್ಸ್ 12-9ರಲ್ಲಿ ಸೋತಿತು, ಆ ಸೀಸನ್‌ನ ಹದಿನಾರೂ ಪಂದ್ಯ ಸೋತಿತು ಬಿಡಿ. ಮುಂದಿನ ಮಾರ್ಚ್‌ನಲ್ಲಿ ನಿವೃತ್ತಿ.

ಇನ್ನೊಂದು ಮಾತು, ಊಟದ್ದು. ಆ ತೂಕ ಉಳಿಸಿಕೊಳ್ಳಲು ಹಸಿವಿದ್ದರೂ ಇಲ್ಲದಿದ್ದರೂ ದಿನವಿಡೀ ತಿನ್ನುತ್ತಿರಬೇಕಿತ್ತು, ಅದೂ ಡ್ಯೂಟಿಯೇ. ಆಟ ಬಿಟ್ಟ ಮೇಲೆ ಇಪ್ಪತ್ತು ಕೆಜಿಗೂ ಜಾಸ್ತಿ ಇಳಿಸಿದ. ಪರದೆ ಮೇಲಿನ ಈ ಎರಡು ಫೋಟೋ ನೋಡಿ. ಎರಡೂ ಅವನೇ.