ಕಾಂಗೊದ ರಬ್ಬರ್ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮಧ್ಯ ಆಫ್ರಿಕಾದ ಕಾಂಗೊದಲ್ಲಿ ರಬ್ಬರಿಗಾಗಿ ನಡೆದ ಹಿಂಸೆಯನ್ನು ನಾಲ್ಕಾರು ಕ್ರೂರ ಅಧಿಕಾರಿಗಳ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ಅಲ್ಲಿ ಜನರನ್ನು ಕೊಂದದ್ದು ಲೆಕ್ಕ.

ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡ್ 1885ರಲ್ಲಿ, ತನ್ನ ದೇಶದ 70 ಪಟ್ಟಿಗೂ ದೊಡ್ಡದಾದ ಆ ನೆಲವನ್ನು ಸ್ವಂತ ಆಸ್ತಿ ಮಾಡಿಕೊಂಡ. ಒಮ್ಮೆಯೂ ಅಲ್ಲಿಗೆ ಕಾಲಿಟ್ಟವನಲ್ಲ. ಗಾಳಿ ತುಂಬುವ ಟೈರು ಬಂದದ್ದೇ ತಡ, ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ನಮ್ಮ ಸುಳ್ಯ, ಪುತ್ತೂರಿನ ಕಡೆ ತೋಟದಲ್ಲಿ ಬೆಳೆಯುವ ರಬ್ಬರ್ ಮರ ಅದಲ್ಲ. ಕಾಡುಮರಗಳಿಗೆ ಹಬ್ಬಿದ ಬಳ್ಳಿ. ಮರ ಹತ್ತಿ ಬಳ್ಳಿಗೆ ಕಚ್ಚು ಹಾಕಿ ಹಾಲು ಇಳಿಸಬೇಕು. ಹಾಲು ಗಟ್ಟಿಯಾಗಲೆಂದು ತೋಳಿಗೆ, ಎದೆಗೆ, ತೊಡೆಗೆ ಬಳಿದುಕೊಳ್ಳುತ್ತಿದ್ದರು. ಆಮೇಲೆ ಕಿತ್ತರೆ ಮೈಕೂದಲೂ ಕಿತ್ತು ಬರುತ್ತಿತ್ತು. ಒಬ್ಬ ಗಂಡಾಳು ಹದಿನೈದು ದಿನಕ್ಕೆ 3ರಿಂದ 4 ಕೆಜಿ ಒಣ ರಬ್ಬರ್ ಒಪ್ಪಿಸಬೇಕು. ಊರ ಹತ್ತಿರದ ಬಳ್ಳಿ ಬತ್ತಿದರೆ ಇನ್ನೂ ಒಳಗೆ ಹೋಗಬೇಕು. ತೂಕ ತುಂಬಿಸುವ ಆತುರಕ್ಕೆ ಬಳ್ಳಿಯನ್ನೇ ಕತ್ತರಿಸಿದರೆ ಅದು ಸತ್ತಿತು, ಮುಂದಿನ ಸಲ ಇನ್ನೂ ದೂರ. ಹೊಲಕ್ಕೆ ಹೋಗಲು ಯಾರಿಗೆ ಬಿಡುವು?

ತೂಕ ಕಡಿಮೆ ಬಂದರೆ ನೀರಾನೆ ಚರ್ಮದ ಚಾವಟಿ. ಗಂಡಸರು ಕಾಡಿನಿಂದ ಬರುವವರೆಗೆ ಹೆಂಗಸರು ಒತ್ತೆಸೆರೆ. ಸಿಪಾಯಿ ಹಾರಿಸಿದ ಗುಂಡು ಬೇಟೆಗೆ ವ್ಯರ್ಥವಾಗಿಲ್ಲ ಎಂದು ತೋರಿಸಲು ಸತ್ತವರ ಬಲಗೈ ಕತ್ತರಿಸಿ ತರಬೇಕು. ಗುಂಡು ಸುಮ್ಮನೆ ಹಾಳಾಗಿದ್ದರೆ? ಬದುಕಿದ್ದವರ ಕೈಯನ್ನೇ ಕತ್ತರಿಸಿ ಲೆಕ್ಕ ಸರಿಮಾಡುತ್ತಿದ್ದರು. ನೋಡಿ, ಮತ್ತೆ ಲೆಕ್ಕವೇ.

ಇದನ್ನು ಹಿಡಿದದ್ದೂ ಲೆಕ್ಕವೇ! ಲಿವರ್‌ಪೂಲಿನ ಹಡಗು ಕಂಪನಿಯೊಂದರ ಗುಮಾಸ್ತ ಇ.ಡಿ. ಮೊರೆಲ್. ಫ್ರೆಂಚ್ ಚೆನ್ನಾಗಿ ಬರುತ್ತಿದ್ದುದರಿಂದ ಕಂಪನಿ ಅವನನ್ನು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿಗೆ ಕಳಿಸುತ್ತಿತ್ತು. ಕಾಂಗೊದಿಂದ ಬರುವ ಹಡಗಿನಲ್ಲಿ ರಬ್ಬರ್, ಆನೆದಂತ ತುಂಬಿ ತುಳುಕುತ್ತಿತ್ತು. ಹೋಗುವ ಹಡಗಿನಲ್ಲಿ? ಬಂದೂಕು, ಮದ್ದುಗುಂಡು, ಸೇನಾಧಿಕಾರಿಗಳು. ರಬ್ಬರಿಗೆ ಬದಲಾಗಿ ಕೊಡುವ ಬಟ್ಟೆ, ಪಾತ್ರೆ, ಉಪ್ಪು ಹೆಸರಿಗಷ್ಟೆ. ವ್ಯಾಪಾರವೆಂದರೆ ಕೊಟ್ಟು ತೆಗೆದುಕೊಳ್ಳುವುದಲ್ಲವೆ? ಕೊಡದೆ ಇಷ್ಟು ಮಾಲು ಬರುತ್ತಿದೆ ಎಂದರೆ ಅಲ್ಲಿರುವುದು ಜೀತ. ಕಾಂಗೊಗೆ ಹೋಗದೆಯೇ, ಸರಕಿನ ಪಟ್ಟಿ ಓದಿಯೇ ಅವನಿಗೆ ಇದು ಹೊಳೆಯಿತು. 1901ರಲ್ಲಿ ಕೆಲಸ ಬಿಟ್ಟು ಇದರ ಬೆನ್ನುಹತ್ತಿದ. 1904ರಲ್ಲಿ, ಕಾಂಗೊದಲ್ಲಿದ್ದ ಬ್ರಿಟಿಷ್ ಕಾನ್ಸಲ್ (ಸರ್ಕಾರದ ಪ್ರತಿನಿಧಿ) ರಾಜರ್ ಕೇಸ್‌ಮೆಂಟ್‌ನ ವರದಿಯೂ ಹೊರಬಂತು.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. “ಏನೇ ಆಗಲಿ, ಕಾಂಗೊಗೆ ರೈಲು ಕೊಟ್ಟರಲ್ಲ” ಎನ್ನುವವರಿಗೆ: 1898ರಲ್ಲಿ ಮುಗಿದ ಮಟಾಡಿ ರೈಲುಮಾರ್ಗ, ಕಾಂಗೊ ನದಿಯ ಜಲಪಾತಗಳನ್ನು ತಪ್ಪಿಸಿ ಸರಕನ್ನು ಬಂದರಿಗೆ ಮುಟ್ಟಿಸಲು ಹಾಕಿದ್ದು. 1908ರಲ್ಲಿ ಕಾಂಗೊ ದೊರೆಯ ಕೈಯಿಂದ ಬೆಲ್ಜಿಯಂ ಸರ್ಕಾರಕ್ಕೆ ಹೋಯಿತು. ಆಮೇಲೆ ತಲೆಗಂದಾಯ ಹಾಕಿದರು. ಅದನ್ನು ನಗದಾಗಿ ಕಟ್ಟಬೇಕಾದವರು ಗಣಿಗಳಿಗೂ ತಾಳೆಎಣ್ಣೆಯ ತೋಟಗಳಿಗೂ ದುಡಿಯಲು ಹೋದರು.