ಥಾರ್‌ನ ಮರಳು ನಿನ್ನೆ ಬಂದದ್ದು

ಎಲ್ಲರಿಗೂ ನಮಸ್ಕಾರ. ಮರುಭೂಮಿ ಅಂದ ಕೂಡಲೇ ಮರಳದಿಬ್ಬ, ಒಂಟೆ, ಮುಳುಗುವ ಸೂರ್ಯ ನೆನಪಾಗುತ್ತವೆ. ಥಾರ್‌ನ ಮರಳು ನಿನ್ನೆ ಬಂದದ್ದು ಸ್ವಾಮಿ, ಕೆಲವು ಲಕ್ಷ ವರ್ಷದ್ದು. ನಾನು ಬಂದಿರುವುದು ಅದರ ಅಡಿಯ ಬಂಡೆಯ ಮಾತಾಡಲು.

ಜೋಧಪುರಕ್ಕೆ ಹೋದವರೆಲ್ಲ ಮೆಹ್ರಾನ್‌ಗಢ ಕೋಟೆಯನ್ನು ಕತ್ತೆತ್ತಿ ನೋಡುತ್ತಾರೆ. ಒಂದು ಗಳಿಗೆ ಕತ್ತು ಇಳಿಸಿ. ಕೋಟೆಯ ಬುಡದ್ದು ಕಂದುಗೆಂಪು ರಯೋಲೈಟು, ಮಲಾನಿ ಶಿಲಾಸಮೂಹದ್ದು. ಸುಮಾರು 75 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾ, ಬೂದಿ. ಒಲೆಯ ಬೂದಿಯಲ್ಲ, ನೆಲಕ್ಕೆ ಬಿದ್ದಾಗಲೂ ನಿಗಿನಿಗಿ ಕಾದಿದ್ದು, ಕಣಕ್ಕೆ ಕಣ ಬೆಸೆದು ಕಲ್ಲಾದ ಬೂದಿ. ಅದರ ಮೇಲೆ ಚಾಪೆ ಹಾಸಿದ ಹಾಗೆ ಮರಳುಗಲ್ಲು. ಎರಡೂ ಕೂಡುವ ಗೆರೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನಮ್ಮ ಲಾಲ್‌ಬಾಗಿನ ಬಂಡೆಯ ಹಾಗೆ. ಆ ಗೆರೆಯ ಮೇಲೆ ಅಂಗೈ ಇಟ್ಟೆ. ಕಿರುಬೆರಳು ರಯೋಲೈಟಿನ ಮೇಲೆ, ಹೆಬ್ಬೆರಳು ಮರಳುಗಲ್ಲಿನ ಮೇಲೆ. ನಡುವಿನ ಹತ್ತು ಕೋಟಿ ವರ್ಷಕ್ಕೂ ಮಿಕ್ಕಿದ ಕಾಲಕ್ಕೆ ಅಲ್ಲಿ ಒಂದು ಹರಳೂ ಸಾಕ್ಷಿಯಿಲ್ಲ. ಮೈ ಜುಮ್ಮೆಂದಿತು.

ಒಂದು ಸಂಗತಿ ಹೇಳಲೇಬೇಕು. ಕೋಟೆಯ ಪಕ್ಕದ ಸುಮಾರು 70 ಹೆಕ್ಟೇರ್ ಬಂಡೆನೆಲವನ್ನು ಬಳ್ಳಾರಿ ಜಾಲಿ ನುಂಗಿತ್ತು. ಬಳ್ಳಾರಿಯವರಿದ್ದರೆ ಬೇಜಾರು ಬೇಡ, ಗಿಡ ಬಂದದ್ದು ಅಮೆರಿಕ ಖಂಡದಿಂದ. 2006ರಲ್ಲಿ ಪರಿಸರತಜ್ಞ ಪ್ರದೀಪ್ ಕ್ರಿಶನ್ ಅದನ್ನು ತೆಗೆಸಲು ಹೊರಟರು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಇರುವುದು ಬಂಡೆಯ ಬಿರುಕಿನಲ್ಲಿ. ಕೊನೆಗೆ ಕೈಹಿಡಿದವರು ಖಂಡ್‌ವಾಲಿಯಾ ಎನ್ನುವ ಅಲ್ಲಿನ ಕಲ್ಲುಕುಟಿಗರು. ಅವರು ಸುತ್ತಿಗೆಯಿಂದ ಬಂಡೆ ತಟ್ಟಿ ಕಿವಿಗೊಡುತ್ತಾರೆ. ಬಿರುಕು ಎಲ್ಲಿದೆ, ಎತ್ತ ಹೊಡೆದರೆ ಒಡೆಯುತ್ತದೆ ಎಂಬುದು ಸದ್ದಿನಲ್ಲೇ ತಿಳಿಯುತ್ತದೆ. ನಾವು ಹಲಸಿನ ಹಣ್ಣು ತಟ್ಟಿ ನೋಡುವುದಿಲ್ಲವೇ? ನಾನು ಕಾಲೇಜಿನಲ್ಲಿ ಕಲ್ಲನ್ನು ಭೂತಗನ್ನಡಿಯಲ್ಲಿ ನೋಡಲು ಕಲಿತೆ. ಕಲ್ಲನ್ನು ಕೇಳುವ ವಿದ್ಯೆ ಆ ಜನರದ್ದು. ನಮ್ಮ ಪಠ್ಯಗಳಲ್ಲಿ ಅವರಿಗೆ ಒಂದು ಸಾಲಾದರೂ ಜಾಗ ಸಿಗಬೇಕು.

ಮತ್ತೆ ರಯೋಲೈಟಿಗೆ ಬರೋಣ. ಅದನ್ನು ಉಗುಳಿದ ಆ ಜ್ವಾಲಾಮುಖಿಗಳ ಬೆಂಕಿ ಯಾಕೆ ಎದ್ದಿತು? ಖಂಡ ಸೀಳಿದ್ದರಿಂದ ಎನ್ನುವವರಿದ್ದಾರೆ. ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗಿದ್ದರಿಂದ, ಇಂದಿನ ಆಂಡಿಸ್ ಪರ್ವತದಲ್ಲಿ ಆಗುವಂತೆ, ಎನ್ನುವವರೂ ಇದ್ದಾರೆ. ನನ್ನ ಒಲವು ಎರಡನೆಯದಕ್ಕೆ. ಹಿಂದೂ ಮಹಾಸಾಗರದ ದ್ವೀಪಗಳಾದ ಸೇಶೆಲ್ಸ್, ಮಡಗಾಸ್ಕರ್‌ಗಳಲ್ಲೂ ಹೆಚ್ಚುಕಡಿಮೆ ಅದೇ ವಯಸ್ಸಿನ ಅಗ್ನಿಶಿಲೆಗಳಿವೆ. ಆಗ ಅವೆಲ್ಲ ನಮ್ಮ ಅಕ್ಕಪಕ್ಕದ ನೆಲ. ಸೇಶೆಲ್ಸ್ ಕಡಲತೀರದ ಆ ಗುಂಡು ಗ್ರಾನೈಟುಗಳು ಜೋಧಪುರದ ಬಂಡೆಗೆ ದಾಯಾದಿಗಳು. ಜನ ಅಲ್ಲಿಗೂ ಮರಳಿಗಾಗಿಯೇ ಹೋಗುತ್ತಾರೆ. ಅಲ್ಲೂ ಮರಳು ನಿನ್ನೆಯದೇ!

ಸಮಯದ ಚೀಟಿ ಬಂತು. ಅರಾವಳಿಯ ಬುಡದ 330 ಕೋಟಿ ವರ್ಷದ, ನೈಸ್ ಎನ್ನುವ ಪಟ್ಟೆಪಟ್ಟೆಯ ಶಿಲೆಯನ್ನು ಮುಟ್ಟಲಿಕ್ಕೇ ಆಗಲಿಲ್ಲ. ಪಶ್ಚಿಮ ರಾಜಸ್ಥಾನದ ಬಾಡಮೇರ್ ಬಗ್ಗೆ ಒಂದೇ ಮಾತು: ಅಲ್ಲಿ ಇದೇ ಮಲಾನಿ ತಳಶಿಲೆ ಬಹಳ ಕಾಲದ ಮೇಲೆ ಸೀಳಿ ಕುಸಿಯಿತು, ಆ ಕಂದಕದಲ್ಲಿ ತುಂಬಿದ ಪದರಗಳಲ್ಲೇ 2004ರಲ್ಲಿ ಮಂಗಳಾ ಎಣ್ಣೆ ನಿಕ್ಷೇಪ ಸಿಕ್ಕಿತು.

ಮೇಜಿನ ಮೇಲೆ ರಯೋಲೈಟಿನ ಒಂದು ಚೂರು ಇಟ್ಟಿದ್ದೇನೆ. ಸ್ಮಾರಕದಿಂದ ತಂದದ್ದಲ್ಲ, ಕ್ವಾರಿಯ ಬದಿಯಲ್ಲಿ ಬಿದ್ದಿದ್ದದ್ದು. ಪ್ರಶ್ನೆ ಇರುವವರು ಮುಂದೆ ಬನ್ನಿ, ಅದನ್ನು ಕೈಯಲ್ಲಿ ಹಿಡಿದು ಕೇಳಿ.