ನಾಲೆಗೆ ನೀರು ಬಿಟ್ಟ ವರ್ಷ

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಹಿರಿಯರ ನೆನಪು’ ಅಂತ ಅಚ್ಚಾಗಿದೆ. ಅಷ್ಟೂ ಹಿರಿಯರನ್ನು ನೆನೆಯುವುದು ನನ್ನ ಕೈಲಾಗದ ಕೆಲಸ. ನಮ್ಮಜ್ಜಿ ಒಬ್ಬಳ ಬಗ್ಗೆ ಮಾತಾಡಿ ಕೂತುಬಿಡುತ್ತೇನೆ.

ಅಜ್ಜಿಗೆ ತಾನು ಹುಟ್ಟಿದ ತಾರೀಕು ಗೊತ್ತಿರಲಿಲ್ಲ. ಯಾರು ಕೇಳಿದರೂ ಒಂದೇ ಉತ್ತರ: “ನಾಲೆಗೆ ನೀರ್ ಬುಟ್ಟ ವರ್ಸ ನಾನು ಮೊಲೆ ಬುಟ್ಟಿದ್ನಂತೆ ಕಣ್ ಮಗ.”

ಚಿಕ್ಕವನಾಗಿದ್ದಾಗ ಇದನ್ನು ಕೇಳಿ ಸುಮ್ನೆ ನಗುತ್ತಿದ್ದೆ. ಆಮೇಲೆ ಒಂದು ದಿನ ಲೆಕ್ಕ ಹಾಕಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಮಂಡ್ಯದ ಕಡೆಗೆ ನೀರು ತಂದ ನಾಲೆಗೆ ಆಗ ವೈಸರಾಯ್ ಇರ್ವಿನ್ ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿಸಿ ನಾಲೆ. ಅಜ್ಜಿ ಮಾತ್ರ ಕೊನೆವರೆಗೂ ‘ಇರ್ವಿನ್ ನಾಲೆ’ ಅಂತಲೇ ಅಂದಳು. ಮೊಲೆ ಬಿಡುವ ಮಗುವಿಗೆ ಎರಡು ಮೂರು ವರ್ಷ, ಅಲ್ವಾ? ಹಾಗಾದರೆ ಅವಳು 1930ರ ಆಸುಪಾಸಿನವಳು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ನಮ್ಮಜ್ಜಿ ಜಿಲ್ಲೆಗಿಂತ ದೊಡ್ಡವಳು!

ಸರ್ಕಾರದ ಕಾಗದ ಇದನ್ನು ಒಪ್ಪಲಿಲ್ಲ. 2008ರಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಕರೆದುಕೊಂಡು ಹೋಗಿದ್ದೆ. ಅರವತ್ತೈದು ತುಂಬಿರಬೇಕು. ಗುಮಾಸ್ತರು ವೋಟಿನ ಕಾರ್ಡು ತಿರುವಿ ನೋಡಿ, “ಅಜ್ಜಿ, ನಿಮಗಿನ್ನೂ ಅರವತ್ತೆರಡು” ಅಂದರು. ಯಾರೋ ಮುಖ ನೋಡಿ ಬರೆದುಕೊಂಡಿದ್ದ ವಯಸ್ಸು ಅದು. ನಮ್ಮ ದೊಡ್ಡತ್ತೆ ಹುಟ್ಟಿದ್ದು ಗಾಂಧಿ ಹೋದ ತಿಂಗಳು, 1948ರ ಜನವರಿ. ಕಾರ್ಡು ನಂಬಿದರೆ ಅಜ್ಜಿ ಎರಡನೇ ವಯಸ್ಸಿಗೇ ಹೆತ್ತಿದ್ದಾಳೆ. ನಾನು ಜಗಳಕ್ಕೆ ನಿಂತೆ. ಅಜ್ಜಿ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, “ಅಂಗಾರೆ ಇನ್ನೊಂದ್ ಮದ್ವೆ ಮಾಡ್ಬುಡಪ್ಪ” ಅಂದಳು. ಇಡೀ ಆಫೀಸು ನಕ್ಕಿತು. ಕೆಲಸ ಮಾತ್ರ ಆಗಲಿಲ್ಲ. ಡಾಕ್ಟರ ಹತ್ತಿರ ವಯಸ್ಸಿನ ಸರ್ಟಿಫಿಕೇಟು ಮಾಡಿಸಿ, ಆರೇಳು ಸಲ ಅಲೆದ ಮೇಲೆ ಪಿಂಚಣಿ ಬಂತು.

ನಾಲೆ ಅಂದರೆ ನಾವು ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆ ಅಂತ ಪಟ್ಟಿ ಮಾಡುತ್ತೇವೆ. ಅಜ್ಜಿಗೆ ಅದರ ಇನ್ನೊಂದು ಮುಖವೂ ಗೊತ್ತಿತ್ತು. ನೀರು ಬಂದ ಮೇಲೆ ಈ ಕಡೆ ಚಳಿಜ್ವರ ಜಾಸ್ತಿಯಾಯಿತು. ಗದ್ದೆ, ಕಾಲುವೆ, ಗುಂಡಿ, ಎಲ್ಲೆಲ್ಲೂ ನಿಂತ ನೀರು, ಅದರ ಮೇಲೆ ಸೊಳ್ಳೆ. ಅವಳ ತಮ್ಮ ಅದರಲ್ಲೇ ಹೋದ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತಂತೆ. ಅವನ ಹೆಸರನ್ನು ಅವಳು ನನಗೆ ಹೇಳಿದ್ದು ಒಂದೇ ಒಂದು ಸಲ. ನಾನೂ ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಹೊಸ ಅಕ್ಕಿ ಮನೆಗೆ ಬಂದ ದಿನ ಅಜ್ಜಿ ಸೆರಗಿನಲ್ಲಿ ಒಂದು ಹಿಡಿ ಕಟ್ಟಿಕೊಂಡು ಹೋಗಿ ನಾಲೆಗೆ ಬಿಟ್ಟು ಕೈಮುಗಿಯುತ್ತಿದ್ದಳು. ಅದೇ ಅಜ್ಜಿ ಹೊತ್ತು ಮುಳುಗಿದ ಮೇಲೆ ಮಕ್ಕಳನ್ನು ಗದ್ದೆ ಬದಿಗೆ ಸುಳಿಯಲು ಬಿಡುತ್ತಿರಲಿಲ್ಲ. ಸೊಳ್ಳೆ ಕಡಿದ ಗುರುತು ಕಂಡರೆ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಎರಡೂ ಒಂದೇ ನೀರಿಗೆ.

ಮನೆ ತುಂಬಾ ಭತ್ತವಿದ್ದರೂ ಅವಳ ಊಟ ಹಿಟ್ಟೇ. ಪಟ್ಟಣದವರು ಮುದ್ದೆ ಅನ್ನುತ್ತಾರಲ್ಲ, ಅದು. ಎರಡು ಪಾದದ ನಡುವೆ ಪಾತ್ರೆ ಸಿಕ್ಕಿಸಿಕೊಂಡು, ಕೋಲಿನಲ್ಲಿ ತೊಳಸಿ, ಕೈಗೆ ನೀರು ಸವರಿ ಹೊಗೆಯಾಡುವ ಹಿಟ್ಟನ್ನು ಹಾಗೇ ಎತ್ತಿ ಉಂಡೆ ಕಟ್ಟುತ್ತಿದ್ದಳು. ತೊಂಬತ್ತರ ಹತ್ತಿರ ಕೋಲು ತಿರುಗಿಸಲು ಆಗದೆ ಬಿಟ್ಟಳು. ಆದರೆ ಉಂಡೆ ಕಟ್ಟುವುದು ಬಿಡಲಿಲ್ಲ. ಅಮ್ಮ ತೊಳಸಿ ಪಾತ್ರೆಯನ್ನು ಅವಳ ಮುಂದೆ ಇಡಬೇಕು. ನನ್ನದು ಯಾವಾಗಲೂ ಉಳಿದವಕ್ಕಿಂತ ಒಂಚೂರು ದೊಡ್ಡದು. ತಮ್ಮ ತನ್ನದೇ ದೊಡ್ಡದು ಅನ್ನುತ್ತಾನೆ.

ಕೊನೆಯ ವರ್ಷಗಳಲ್ಲಿ ಜಗಲಿಯೇ ಅವಳ ಜಾಗ. ಕಿವಿ ಮಂದವಾಗಿತ್ತು. ಬೆಳಿಗ್ಗೆ ಅಪ್ಪ ಪೇಪರ್ ಬಿಚ್ಚಿದ ತಕ್ಷಣ ಅಲ್ಲಿಂದಲೇ ಕೇಳುತ್ತಿದ್ದಳು: “ಕಟ್ಟೇಲಿ ನೀರ್ ಎಷ್ಟದೆ?” ಅಪ್ಪ ಕೂಗಿ ಹೇಳಬೇಕು. ಬೇರೆ ಸುದ್ದಿ ಅವಳಿಗೆ ಬೇಡ. ನಮ್ಮ ಊರುಗಳಲ್ಲಿ 124.80 ಅಡಿ ಅನ್ನುವುದು ಮಕ್ಕಳಿಗೂ ಬಾಯಿಪಾಠ, ಕಟ್ಟೆ ಭರ್ತಿ ಅಂದರೆ ಅಷ್ಟು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಪ್ಪ, “ತೊಂಬತ್ತೂ ಇಲ್ಲ ಕಣವ್ವ” ಅಂತ ಕೂಗಿದಾಗ, “ಅಷ್ಟೇನಾ?” ಅಂದು ಗೋಡೆ ಕಡೆ ತಿರುಗಿ ಮಲಗಿದಳು. ಆ ಬೇಸಿಗೆ ದಾಟಲಿಲ್ಲ.

ಆ ವರ್ಷ ಜುಲೈನಲ್ಲಿ ಕಟ್ಟೆ ತುಂಬಿತು. ನಾನು ಊರಲ್ಲೇ ಇದ್ದೆ. ಅಪ್ಪ ಪೇಪರ್ ಬಿಚ್ಚಿದರು, ಜಗಲಿ ಖಾಲಿ ಇತ್ತು. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕಿವಿ ಕೇಳದವರಿಗೆ ಹೇಳುವಷ್ಟೇ ಜೋರಾಗಿ ಓದಿದರು: “ನೂರಿಪ್ಪತ್ನಾಲ್ಕು!”